ಹನ್ನೆರಡು ಬಾಯಿ ನೀರು

ಮಾನ್ವಿಯಲ್ಲಿ ಅಜ್ಜಿಯ ಜೊತೆ ರಾಯಚೂರಿನ ಬಸ್ಸು ಹತ್ತಿದಾಗಿನಿಂದ ವೇದಶ್ರೀ ತುಟಿ ಬಿಚ್ಚಿರಲಿಲ್ಲ. ಒಳಗೆ ನಾಲಿಗೆಯ ತುದಿ ಮಾತ್ರ ಸುಮ್ಮನಿರಲಿಲ್ಲ. ಬೆಳಗಿನ ದ್ವಾದಶಿ ಪಾರಣೆಯಲ್ಲಿ ತಿಂದ ಅಗಸೆ ಸೊಪ್ಪಿನ ಎಳೆಯೊಂದು ಕೋರೆಹಲ್ಲಿನ ತಂತಿಗೆ ಸಿಕ್ಕಿತ್ತು. ಎಷ್ಟು ನೂಕಿದರೂ ಅದು ಜಾಗ ಬಿಡಲಿಲ್ಲ. ಒಸಡಿನಿಂದ ಉಪ್ಪುಪ್ಪಾದ ರಕ್ತ ಬಂತು, ಅಷ್ಟೇ.

ಹೋದ ತಿಂಗಳು ರಾಯಚೂರಿನ ಹಲ್ಲಿನ ಡಾಕ್ಟರು ಸುಜಾತಾ ಮುಚ್ಚುಮರೆಯಿಲ್ಲದೆ ಹೇಳಿದ್ದರು. ದೇವದುರ್ಗದ ಕಡೆಯವರು, ಮಾತು ನೇರ. "ಮುಂದಿನ ಸಲಾನೂ ಒಸಡು ಹಿಂಗ ಬಾತಿದ್ರ ಕ್ಲಿಪ್ ಬಿಚ್ಚಿಬಿಡ್ತೀನಿ, ತಂಗಿ. ಹಲ್ಲು ನೆಟ್ಟಗ ಮಾಡಾಕ ಹೋಗಿ ಹಲ್ಲೇ ಕಳಕೋಬಾರದು."

ಕ್ಲಿಪ್ಪು ಹಾಕಿ ಹತ್ತು ತಿಂಗಳಾಗಿತ್ತು. ಒಂದರ ಮೇಲೊಂದು ಏರಿ ಕೂತಿದ್ದ ಮುಂದಿನ ಹಲ್ಲುಗಳು ಅರ್ಧ ದಾರಿಗೆ ಬಂದಿದ್ದವು. ಈಗ ಬಿಚ್ಚಿದರೆ ಮತ್ತೆ ಹಳೆಯ ಜಾಗಕ್ಕೇ ಹೊರಳುತ್ತವೆ. ಅಂಗೈ ಅಡ್ಡ ಹಿಡಿಯದೆ ನಕ್ಕದ್ದು ವೇದಶ್ರೀಗೆ ನೆನಪಿಲ್ಲ. ಪಿಯುಸಿ ಮುಗಿಯುವುದರೊಳಗೆ ಒಮ್ಮೆಯಾದರೂ ಹಾಗೆ ನಗಬೇಕೆಂದಿತ್ತು.

ಆದರೆ ಮನೆಯಲ್ಲಿ ಅಜ್ಜಿ ಅಹಲ್ಯಾಬಾಯಿಯ ಪಂಚಾಂಗವಿತ್ತು. ಏಕಾದಶಿ, ಅಮಾವಾಸ್ಯೆ, ಹಿರಿಯರ ತಿಥಿ ಬಂದರೆ ಯಾರೂ ಹಲ್ಲು ತಿಕ್ಕುವಂತಿಲ್ಲ. ಹನ್ನೆರಡು ಸಲ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಮುಗಿಯಿತು. ಈ ತಿಂಗಳು ಎರಡು ತಿಥಿಗಳೂ ಸೇರಿ ಬ್ರಶ್ಶು ಐದು ದಿನ ಒಣಗಿತ್ತು. ಮರುದಿನ ತಿಕ್ಕಿದರೆ ರಕ್ತ. ರಕ್ತ ಕಂಡು ಹೆದರಿ ಉಳಿದ ದಿನಗಳಲ್ಲೂ ಅವಳು ಮೆಲ್ಲಗೆ ಸವರಿ ಬಿಡುತ್ತಿದ್ದಳು.

"ಬಾಯಿ ತೆಗಿ."

ದವಾಖಾನೆಯ ಕುರ್ಚಿಯಲ್ಲಿ ಒರಗಿದ್ದ ವೇದಶ್ರೀಯ ಒಸಡನ್ನು ಸುಜಾತಾ ಸಣ್ಣ ಸಲಾಕೆಯ ತುದಿಯಿಂದ ಮುಟ್ಟಿದ್ದೇ ತಡ, ರಕ್ತ ಜಿನುಗಿತು. ಸೊಪ್ಪಿನ ಎಳೆ ಎಳೆದು ತೆಗೆದರು. "ಬಾಯಾಗ ತ್ವಾಟ ಹಾಕೀಯೇನ? ದಿನಾ ತಿಕ್ತೀ?"

"ಹೂಂ ರೀ."

"ಸುಳ್ಳು."

ಡಾಕ್ಟರ ಕೈ ತಟ್ಟೆಯಲ್ಲಿದ್ದ ಕ್ಲಿಪ್ ಬಿಚ್ಚುವ ಇಕ್ಕಳ ಎತ್ತಿಕೊಂಡಿತು. ಪಕ್ಕದ ಸ್ಟೂಲಿನ ಮೇಲೆ ಅಜ್ಜಿ ಚೀಲ ಅವುಚಿಕೊಂಡು ಕೂತಿದ್ದರು. ನಿಜ ಹೇಳಿದರೆ ಹೊರಗಿನವರೆದುರು ಅಜ್ಜಿಯನ್ನು ಹಿಡಿದುಕೊಟ್ಟಂತೆ. ಹೇಳದಿದ್ದರೆ ಕ್ಲಿಪ್ಪು ಹೋಗುತ್ತದೆ. ಇಕ್ಕಳ ತುಟಿಯ ಹತ್ತಿರ ಬಂತು.

"ಏಕಾದಶಿ ದಿನ ತಿಕ್ಕೂದಿಲ್ರಿ. ತಿಥಿ ದಿನಾನೂ. ಅಜ್ಜಿ ಬ್ಯಾಡ ಅಂತಾರ. ಉಳಿದ ದಿನ ರಕ್ತ ಬರ್ತದಂತ ನಾನೇ ಅಂಜಿ ಬಿಡ್ತೀನಿ."

ಅಹಲ್ಯಾಬಾಯಿಯ ಮುಖ ಕೆಂಪಾಯಿತು. "ಹೌದು, ನಾನೇ ಅಂದೀನಿ. ನಮ್ಮತ್ತಿ ಎಂಬತ್ತು ವರ್ಷ ಹಂಗೇ ಮಾಡಿದ್ರು. ಒಂದು ಹಲ್ಲು ಅಳ್ಳಾಡಿರಲಿಲ್ಲ."

"ನಿಮ್ಮತ್ತಿಯವರ ಬಾಯಾಗ ತಂತಿ ಇತ್ತೇನ್ರಿ, ಅಮ್ಮಾರ? ಬರ್ರಿ, ನೋಡ್ರಿ."

ಅಜ್ಜಿ ಎದ್ದು ಬಂದು ಬಾಗಿದರು. ಪ್ರತಿ ಕ್ಲಿಪ್ಪಿನ ಸುತ್ತ ಹಳದಿ ಲೋಳೆ ಕಟ್ಟಿತ್ತು. ಒಸಡು ಉಬ್ಬಿ ತಂತಿಯ ಮೇಲೇ ಏರತೊಡಗಿತ್ತು.

"ತಿಕ್ಕಿದ್ದಕ್ಕ ರಕ್ತ ಬರಾಕತ್ತಿಲ್ರಿ, ತಿಕ್ಕದ ಬಿಟ್ಟಿದ್ದಕ್ಕ ಬರಾಕತ್ತದ. ಇವತ್ತು ನಾ ಸ್ವಚ್ಛ ಮಾಡ್ತೀನಿ. ಹದಿನೈದು ದಿನ ಬಿಟ್ಟು ಬರ್ರಿ. ನಡುವ ಒಂದು ದಿನಾನೂ ತಪ್ಪಬಾರದು. ತಪ್ಪಸೂದಾದ್ರ ಈಗೇ ಹೇಳ್ರಿ, ಈಗೇ ಬಿಚ್ತೀನಿ."

ಅಜ್ಜಿ ಬೆರಳಿನ ಗೆಣ್ಣು ಎಣಿಸಿದರು. "ನಡುವ ಏಕಾದಶಿ ಬರ್ತದಲ್ರಿ."

"ಬರ್ತದ್ರಿ."

ಇಕ್ಕಳ ಕೈಯಲ್ಲೇ ಇತ್ತು. ವೇದಶ್ರೀ ತೆರೆದ ಬಾಯಿ ಮುಚ್ಚಲಿಲ್ಲ.

"ಈ ತಂತಿ ಯಾತರದು?" ಅಜ್ಜಿ ಕೇಳಿದರು.

"ಸ್ಟೀಲಿಂದ್ರಿ."

"ಏಕಾದಶಿ ದಿನಾನೂ ದೇವರ ಪಾತ್ರಿ ತಿಕ್ಕತೀವಿ." ಅಜ್ಜಿ ಯಾರ ಮುಖವನ್ನೂ ನೋಡಲಿಲ್ಲ. "ನೀ ತಂತಿ ತಿಕ್ಕೊ. ಬ್ರಶ್ಶು ಹಲ್ಲಿಗಿ ತಾಕಿದ್ರ ನಾ ಯಾಕಂತ ಕೇಳೂದಿಲ್ಲ."

"ಒಸಡಿಗೂ ತಾಕಬೇಕ್ರಿ."

"ಒಸಡು ತಿಕ್ಕಬಾರದಂತ ನಮ್ಮತ್ತಿ ಏನೂ ಅಂದಿರಲಿಲ್ಲ."

ಸುಜಾತಾ ಇಕ್ಕಳ ಕೆಳಗಿಟ್ಟರು.