ಕೆಟಲ್ ಪಂದ್ಯದ ಮುನ್ನೋಟ

ಕ್ವೇಕರ್ಸ್ ಹಿಲ್‌ನಲ್ಲಿ ಏಳು ಹತ್ತರ ರೈಲು ಹತ್ತಿ ಮೇಲಂತಸ್ತಿನ ಕಿಟಕಿ ಪಕ್ಕ ಸೀಟು ಹಿಡಿದರೆ, ಚಾಟ್ಸ್‌ವುಡ್ ಬರುವವರೆಗೆ ಇಡಾಳಿಗೆ ಒಂದು ಗಂಟೆಗೂ ಮಿಕ್ಕಿದ ಬಿಡುವು. ಬೇರೆ ದಿನಗಳಲ್ಲಿ ಅವಳು ಅಷ್ಟರಲ್ಲಿ ಜಪಸರ ಮುಗಿಸಿ ಒಂದು ಸಣ್ಣ ನಿದ್ದೆಯನ್ನೂ ತೆಗೆಯುತ್ತಿದ್ದಳು. ಆದರೆ 2018ರ ಆಗಸ್ಟ್ ತಿಂಗಳ ಆ ಗುರುವಾರ ಅವಳಿಗೆ ಪ್ರಾರ್ಥನೆಯೂ ಬೇಕಿರಲಿಲ್ಲ, ನಿದ್ದೆಯೂ ಬೇಕಿರಲಿಲ್ಲ. ಶನಿವಾರ ಮೆಲ್ಬರ್ನಿನಲ್ಲಿ ಕೆಟಲ್ ಪಂದ್ಯ. ಅದರ ಮುನ್ನೋಟ ಬರೆಯುವುದು ಬಾಕಿಯಿತ್ತು.

ಸಿಡ್ನಿಯ ವಾರಟಾ ಕಾಲೇಜಿಗೂ ಮೆಲ್ಬರ್ನಿನ ಯಾರಾಸೈಡ್ ಕಾಲೇಜಿಗೂ ಹುಡುಗಿಯರ ಫುಟ್‌ಬಾಲಿನಲ್ಲಿ ಹಳೆಯ ಜಿದ್ದು. ಮೂವತ್ತು ವರ್ಷಗಳ ಹಿಂದೆ ಮೊದಲ ಪಂದ್ಯ ಆಡಿದ ದಿನ ಕಪ್ ತರುವುದನ್ನು ಎರಡೂ ಕಡೆಯವರು ಮರೆತಿದ್ದರಂತೆ. ಕ್ಯಾಂಟೀನಿನ ತಗಡಿನ ಚಹಾ ಕೆಟಲನ್ನೇ ಗೆದ್ದವರ ಕೈಗೆ ಕೊಟ್ಟು ಕಳಿಸಿದರು. ಅಂದಿನಿಂದ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಎಂದು ವರ್ಷಕ್ಕೊಮ್ಮೆ ಪಂದ್ಯ. ಮೂತಿ ಸೊಟ್ಟಗಾದ ಆ ಕೆಟಲಿಗಾಗಿ ಹುಡುಗಿಯರು ಮೊಣಕಾಲು ತರಚಿಕೊಂಡು ಆಡುತ್ತಿದ್ದರು. ವಾರಟಾದ ಹತ್ತನೇ ನಂಬರಿನ ಅಂಗಿ ಇಡಾಳ ಮಗಳು ಆಶ್ಲಿನ್‌ಳದು.

ಮಗಳನ್ನು ಎಂಟನೇ ವಯಸ್ಸಿನಿಂದ ಮೈದಾನದಿಂದ ಮೈದಾನಕ್ಕೆ ಕಾರಿನಲ್ಲಿ ಹೊತ್ತು ತಿರುಗಿದ್ದ ಇಡಾಳಿಗೆ ಆಟ ತಾನಾಗಿಯೇ ತಲೆಗೆ ಹತ್ತಿತ್ತು. ಮೊದಮೊದಲು ಕಾಲೇಜು ತಂಡದ ಫೇಸ್‌ಬುಕ್ ಪುಟದಲ್ಲಿ ಬರೆಯಲು ಹೋಗಿ, ಮಗಳ ಫೋಟೋದ ಕೆಳಗೆ ‘ನನ್ನ ಚಿನ್ನ’ ಎಂದು ಹಾಕಿ, ಅವಳಿಂದ ಚೆನ್ನಾಗಿ ಬೈಸಿಕೊಂಡಳು. ಆಮೇಲೆ ಆ ಕಡೆ ಸುಳಿಯಲಿಲ್ಲ. ಆಸ್ಟ್ರೇಲಿಯಾದ ಕನ್ನಡಿಗರು ಆಟದ ವಿಷಯ ಹರಟುವ ಒಂದು ಗುಂಪು ಫೇಸ್‌ಬುಕ್ಕಿನಲ್ಲೇ ಇತ್ತು. ಅಲ್ಲಿ ಬರೀ ಕ್ರಿಕೆಟ್. ಮಂಗಳೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ್ದ ಇಡಾ ನಾಲ್ಕು ವರ್ಷದ ಹಿಂದೆ, ಆಶ್ಲಿನ್ ಕಾಲೇಜು ಸೇರಿದ ವರ್ಷ, ಅಲ್ಲಿ ಧೈರ್ಯ ಮಾಡಿ ಕೆಟಲ್ ಪಂದ್ಯದ ಮುನ್ನೋಟ ಬರೆದಳು. ಹತ್ತನೇ ನಂಬರಿನವಳು ತನ್ನ ಮಗಳೆಂದು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಕನ್ನಡ ಅಕ್ಷರ ಓದಲು ಬಾರದ ಆಶ್ಲಿನ್‌ಗೆ ಇದರ ಗಾಳಿಯೂ ಸೋಕಿರಲಿಲ್ಲ.

ಬರಹಕ್ಕೆ ಓದುಗರು ಹುಟ್ಟಿಕೊಂಡರು. ಅವರಲ್ಲಿ ಮೊದಲಿಗರು ಮೆಲ್ಬರ್ನಿನ ಭಾಸ್ಕರ. ಮೈಸೂರಿನ ಕಡೆಯವರು, ಯಾರಾಸೈಡಿನ ಪಕ್ಷ. ಇಡಾ ಬರೆದ ಹತ್ತೇ ನಿಮಿಷದಲ್ಲಿ ಅವರ ಉತ್ತರ ಬೀಳುತ್ತಿತ್ತು. ‘ನಿಮ್ಮ ಡಿಫೆನ್ಸು ನಿಮ್ಮ ಸಿಡ್ನಿಯ ಕಾಫಿ ಇದ್ದಂಗೆ ಮೇಡಂ, ನೋಡೋಕೆ ನೊರೆ, ಒಳಗೆ ನೀರು’ ಎಂದು ಅವರು ಬರೆದರೆ, ‘ನಿಮ್ಮ ಮೆಲ್ಬರ್ನಿನ ಹವೆಯ ಹಾಗೆ ನಿಮ್ಮ ಟೀಮು ಸಹ, ಹತ್ತು ನಿಮಿಷ ಬಿಸಿಲು ಅಷ್ಟೆ’ ಎಂದು ಇವಳು ಬರೆಯುತ್ತಿದ್ದಳು. ಅವರಿಬ್ಬರೂ ಮುಖತಃ ಭೇಟಿಯಾಗಿರಲಿಲ್ಲ.

ಈ ಸಲದ ಮುನ್ನೋಟ ಬರೆಯಲು ಕೂತವಳಿಗೆ ಕೈ ನಿಲ್ಲಲಿಲ್ಲ. ಕಳೆದ ವರ್ಷ ಸಿಡ್ನಿಯಲ್ಲಿ ವಾರಟಾ ಎರಡು ಗೋಲಿನಿಂದ ಗೆದ್ದು ಕೆಟಲ್ ಇಟ್ಟುಕೊಂಡಿತ್ತು. ಆ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ಪ್ಯಾರಮಟ್ಟಾ ದಾಟುವಷ್ಟರಲ್ಲಿ ಎರಡೂ ತಂಡದ ನಡುಸಾಲನ್ನು ಅಳೆದು ಮುಗಿಸಿದಳು. ಯಾರಾಸೈಡಿನ ಹೊಸ ಗೋಲ್‌ಕೀಪರಿನ ಒಂದು ವಿಡಿಯೋ ನೋಡಿದ್ದಳು. ‘ತೆಂಗಿನ ಮರದಷ್ಟು ಎತ್ತರ ಇದ್ದಾಳೆ, ಆದರೆ ನೆಲದ ಚೆಂಡಿಗೆ ಬಗ್ಗಲು ಸೋಮಾರಿ’ ಎಂದು ಬರೆದಳು. ಕೊನೆಗೆ, ‘ಪೆನಾಲ್ಟಿ ಸಿಕ್ಕರಂತೂ ಚಿಂತೆಯೇ ಇಲ್ಲ. ನಮ್ಮ ಹತ್ತನೇ ನಂಬರಿನವಳು ಓಡಿಬಂದು ಅರೆಗಳಿಗೆ ನಿಲ್ಲುತ್ತಾಳೆ, ಆಮೇಲೆ ಗೋಲ್‌ಕೀಪರಿನ ಎಡಗೈ ಬದಿಯ ಮೇಲ್ಮೂಲೆಗೆ ಹೊಡೆಯುತ್ತಾಳೆ. ಎರಡು ವರ್ಷದಲ್ಲಿ ಏಳಕ್ಕೆ ಏಳೂ ಅಲ್ಲಿಗೇ ಹೋಗಿವೆ’ ಎಂದು ಸೇರಿಸಿದಳು. ರೈಲು ಹಾರ್ಬರ್ ಬ್ರಿಜ್ ಏರಿದಾಗ ಮೂರು ಒಂದರಿಂದ ವಾರಟಾ ಗೆಲುವು ಎಂದು ಷರಾ ಬರೆದು ಕಳಿಸಿಯೇ ಬಿಟ್ಟಳು.

ಹತ್ತು ನಿಮಿಷವಾಯಿತು. ಭಾಸ್ಕರರ ಉತ್ತರ ಬರಲಿಲ್ಲ. ಅವಳು ರಿಸೆಪ್ಷನಿಸ್ಟ್ ಆಗಿದ್ದ ಹಲ್ಲಿನ ಕ್ಲಿನಿಕ್ಕಿನಲ್ಲಿ ದಿನವಿಡೀ ಫೋನು ತಿರುವಿ ತಿರುವಿ ನೋಡಿದಳು. ಉತ್ತರ ಬಂದದ್ದು ಸಂಜೆ, ಅವಳು ಮನೆಯಲ್ಲಿ ಮೀನು ತೊಳೆಯುತ್ತಿದ್ದಾಗ.

‘ಇಡಾ ಮೇಡಂ, ಓದಿದೆ. ಆ ಸೋಮಾರಿ ಗೋಲ್‌ಕೀಪರ್ ನನ್ನ ಮಗಳು ಪ್ರಣತಿ. ಶನಿವಾರ ಸಿಗೋಣ.’

ಇಡಾ ಒದ್ದೆ ಕೈಯಲ್ಲೇ ತನ್ನ ಮುನ್ನೋಟವನ್ನು ತೆರೆದು ಮತ್ತೆ ಓದಿದಳು. ಯಾರದೋ ಮಗಳನ್ನು ಊರ ಮುಂದೆ ಸೋಮಾರಿ ಎಂದದ್ದು ಒಂದು. ಅದಕ್ಕಿಂತ ಹೆಚ್ಚಿನದು ಅವಳಿಗೆ ಹೊಳೆದದ್ದು ಎರಡು ನಿಮಿಷ ಬಿಟ್ಟು: ಸ್ವಂತ ಮಗಳ ಪೆನಾಲ್ಟಿಯ ಗುಟ್ಟನ್ನು ಎದುರಾಳಿ ಗೋಲ್‌ಕೀಪರಿನ ಅಪ್ಪನ ಕೈಗೆ, ಅದೂ ಅಚ್ಚಗನ್ನಡದಲ್ಲಿ, ಕೊಟ್ಟು ಕೂತಿದ್ದಳು.

ಗಂಡ ಹರ್ಮನ್ ವೇರ್‌ಹೌಸಿನ ಪಾಳಿ ಮುಗಿಸಿ ಬಂದಾಗ ಅವಳು ಎಲ್ಲವನ್ನೂ ಹೇಳಿದಳು. ಅವನು ಶೂ ಬಿಚ್ಚುತ್ತ ಕೇಳಿಸಿಕೊಂಡ.

“ಅಳಿಸಿ ಹಾಕಲಾ?” ಎಂದಳು.

“ಓದಿ ಆಯ್ತಲ್ಲ ಅವ್ರು. ಈಗ ಅಳಿಸಿದ್ರೆ ಹೆದರಿದ್ದು ಅಂತ ಲೆಕ್ಕ,” ಎಂದ ಹರ್ಮನ್. “ಆಶ್ಲಿನ್‌ಗೆ ಹೇಳಿಬಿಡು.”

“ಹೇಳಿದ್ರೆ ನಾನು ಬರೆಯೋದೆಲ್ಲ ಗೊತ್ತಾಗ್ತದೆ.”

“ಗೊತ್ತಾಗ್ಲಿ. ಎಂತ, ಕಳ್ಳತನವಾ ಮಾಡಿದ್ದು ನೀನು?”

ಆಶ್ಲಿನ್ ಅಷ್ಟರಲ್ಲಿ ತಂಡದ ಬಸ್ಸಿನಲ್ಲಿ ಮೆಲ್ಬರ್ನ್ ದಾರಿ ಹಿಡಿದಿದ್ದಳು. ಶುಕ್ರವಾರ ಗಂಡ ಹೆಂಡತಿ ಕಾರಿನಲ್ಲಿ ಹೊರಟರು. ದಾರಿಯಲ್ಲಿ ಗಂಡಗೈ ಎಂಬ ಊರಿನ ಹತ್ತಿರ ಪೆಟ್ರೋಲಿಗೆ ನಿಂತಾಗ ಇಡಾ ಫೋನ್ ಮಾಡಿದಳು. “ಮಮ್ಮಾ, ಪಂದ್ಯ ಮುಗಿಯೋವರೆಗೆ ನೋ ಫೋನ್ಸ್, ಕೋಚ್ ರೂಲ್. ಗ್ರೌಂಡಲ್ಲಿ ಸಿಗ್ತೀನಿ,” ಎಂದು ಮಗಳು ಅರ್ಧ ನಿಮಿಷದಲ್ಲಿ ಇಟ್ಟುಬಿಟ್ಟಳು. ಆಲ್ಬರಿ ದಾಟಿ ವಿಕ್ಟೋರಿಯಾಕ್ಕೆ ಕಾಲಿಡುವವರೆಗೂ ಇಡಾ ಹೇಳಬೇಕಾದ ಮಾತನ್ನು ಕೊಂಕಣಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಬಾಯಿಪಾಠ ಮಾಡಿದಳು. ಹರ್ಮನ್ ರೇಡಿಯೋ ಸಣ್ಣ ಮಾಡಿ ಕೊಟ್ಟ.

ಶನಿವಾರ ಬೆಳಿಗ್ಗೆ ಯಾರಾಸೈಡಿನ ಮೈದಾನದಲ್ಲಿ ಗಾಳಿ ಕಿವಿ ಕೊಯ್ಯುತ್ತಿತ್ತು. ಬೂಟು ಬಿಗಿಯುತ್ತಿದ್ದ ಮಗಳನ್ನು ಇಡಾ ಬೇಲಿಯ ಹತ್ತಿರ ಕರೆದಳು. ಬಾಯಿಪಾಠವೆಲ್ಲ ಮರೆತುಹೋಯಿತು. ನಾಲ್ಕು ವರ್ಷದ ಬರಹ, ಸೋಮಾರಿ ಎಂಬ ಮಾತು, ಎಡಗೈ ಬದಿಯ ಮೇಲ್ಮೂಲೆ, ಗೋಲ್‌ಕೀಪರಿನ ಅಪ್ಪ, ಎಲ್ಲವನ್ನೂ ಒಂದೇ ಉಸಿರಿಗೆ ಕೊಂಕಣಿಯಲ್ಲಿ ಸುರಿದಳು.

ಆಶ್ಲಿನ್ ಬೇಲಿಗೆ ಎರಡೂ ಕೈ ಊರಿದಳು.

“ಪ್ರತಿ ವರ್ಷ ಬರೀತಿದ್ಯಾ? ನನ್ ಬಗ್ಗೆ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಟೀಮಿನ ಬಗ್ಗೆ,” ಎಂದಳು ಇಡಾ. ಆಮೇಲೆ, “ನಿನ್ನ ಬಗ್ಗೆ ಸ್ವಲ್ಪ ಜಾಸ್ತಿ.”

“ಎಷ್ಟು ಜನ ಓದ್ತಾರೆ?”

“ಇನ್ನೂರು, ಇನ್ನೂರೈವತ್ತು.”

ಮಗಳಿಗೆ ಕೋಪ ಬಂತೋ ನಗು ಬಂತೋ ಇಡಾಳಿಗೆ ತಿಳಿಯಲಿಲ್ಲ. ಕೋಚ್ ಸೀಟಿ ಊದಿದಳು. ಆಶ್ಲಿನ್ ಎರಡು ಹೆಜ್ಜೆ ಓಡಿ, ತಿರುಗಿ, “ನೆಲದ ಬಾಲ್‌ಗೆ ನಿಜವಾಗ್ಲೂ ಸ್ಲೋನಾ ಅವ್ಳು?” ಎಂದು ಕೇಳಿದಳು. ಇಡಾ ಹೌದೆಂದು ತಲೆಯಾಡಿಸಿದಳು.

ಅಷ್ಟರಲ್ಲಿ ಉಣ್ಣೆಯ ಟೋಪಿ ಹಾಕಿದ ಗಿಡ್ಡ ವ್ಯಕ್ತಿಯೊಬ್ಬರು ಫ್ಲಾಸ್ಕು ಹಿಡಿದು ಎದುರು ನಿಂತಿದ್ದರು. “ಇಡಾ ಮೇಡಂ ತಾನೆ? ನಾನು ಭಾಸ್ಕರ. ಇವ್ರು ನಮ್ಮನೆಯವ್ರು, ವಸಂತಾ.” ತೆಂಗಿನ ಮರದಂಥ ಮಗಳ ಅಪ್ಪ ಇಷ್ಟು ಗಿಡ್ಡ ಇರಬಹುದೆಂದು ಇಡಾ ಎಣಿಸಿರಲಿಲ್ಲ. ಪಕ್ಕದಲ್ಲಿದ್ದ ವಸಂತಾರನ್ನು ತಲೆಯೆತ್ತಿ ನೋಡಿದ ಮೇಲೆ ಅವಳಿಗೆ ಅರ್ಥವಾಯಿತು.

“ತಪ್ಪಾಯ್ತು ಮಾರಾಯ್ರೆ,” ಎಂದಳು ಇಡಾ. “ನಿಮ್ಮ ಮಗಳು ಅಂತ ಗೊತ್ತಿದ್ದಿದ್ರೆ ಹಾಗೆ ಬರೀತಿರ್ಲಿಲ್ಲ.”

“ಅದಕ್ಕೇ ಗೊತ್ತಿಲ್ಲದೇ ಇದ್ದಿದ್ದು ಒಳ್ಳೇದಾಯ್ತು ಬಿಡಿ,” ಎಂದರು ಭಾಸ್ಕರ, ಕಾಫಿ ಬಗ್ಗಿಸುತ್ತ. “ನಾನು ಅವಳಿಗೆ ಅದನ್ನೇ ವರ್ಷದಿಂದ ಹೇಳ್ತಿದೀನಿ. ಅಪ್ಪ ಹೇಳಿದ್ರೆ ಕಿವಿಗೆ ಬೀಳಲ್ಲ. ಸಿಡ್ನಿ ಆಂಟಿ ಹಿಂಗೆ ಬರ್ದಿದಾರೆ ಅಂತ ಓದಿ ಹೇಳ್ದೆ ನೋಡಿ, ನಿನ್ನೆ ಸಾಯಂಕಾಲ ಪೂರ್ತಿ ಹಿತ್ತಲಲ್ಲಿ ಬಿದ್ದು ಬಿದ್ದು ಬಾಲ್ ಹಿಡಿದ್ಲು. ಇವರ ಕೊತ್ತಂಬರಿ ಮಡಿ ಎಲ್ಲ ಚಟ್ನಿ ಆಯ್ತು.”

“ಮತ್ತೆ ಪೆನಾಲ್ಟಿದು? ಅದನ್ನೂ ಓದಿ ಹೇಳಿದ್ರಾ?”

ಭಾಸ್ಕರ ಲೋಟ ಅವಳ ಕೈಗಿಟ್ಟರು. “ಇಲ್ಲ. ಏಳಕ್ಕೆ ಏಳೂ ಅಂತ ಎಣಿಸಿ ಇಟ್ಕೊಂಡಿರೋರು ತಾಯಿನೇ ಇರ್ಬೇಕು ಅನ್ನಿಸ್ತು. ಖುಷಿಗೆ ಬರ್ದಿರೋದನ್ನ ಕದ್ದು ಗೆಲ್ಲೋದು ಚೆನ್ನಾಗಿರಲ್ಲ ಅಂತ, ಅಲ್ಲಿಗೇ ನಿಲ್ಲಿಸ್ದೆ.”

ಕಾಫಿ ಬಿಸಿಯಾಗಿ, ಗಟ್ಟಿಯಾಗಿ, ಬಹಳ ಚೆನ್ನಾಗಿತ್ತು. ಇಡಾ ಒಂದೇ ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಪ್ರಣತಿಗೆ ಏನೂ ಗೊತ್ತಿಲ್ಲ. ಗೊತ್ತಿದೆ ಎಂದು ಆಶ್ಲಿನ್‌ಗೆ ತಾನೇ ಹೇಳಿ ಬಂದಾಗಿದೆ. ಅವಳು ಹರ್ಮನ್‌ನ ತೋಳು ಹಿಡಿದು ಕಿವಿಯಲ್ಲಿ ಹೇಳುವಷ್ಟರಲ್ಲಿ ಪಂದ್ಯ ಶುರುವಾಗಿತ್ತು.

“ಈಗ ಎಂತ, ಬೇಲಿ ಹಾರಿ ಹೋಗಿ ಹೇಳ್ತೀಯಾ?” ಎಂದ ಹರ್ಮನ್. “ಪೆನಾಲ್ಟಿ ಸಿಗ್ಬೇಕು ಅಂತ ಏನಿದೆ? ಸುಮ್ನೆ ಆಟ ನೋಡು.”

ಆಟ ಇಡಾಳ ಮುನ್ನೋಟವನ್ನು ಕೇಳಲೇ ಇಲ್ಲ. ಅವಳು ಹೊಗಳಿ ಬರೆದಿದ್ದ ನಡುಸಾಲು ಇಪ್ಪತ್ತು ನಿಮಿಷ ಚೆಂಡಿನ ಮುಖ ನೋಡಲಿಲ್ಲ. ಯಾರಾಸೈಡ್ ಮೊದಲ ಗೋಲು ಹೊಡೆಯಿತು. ಭಾಸ್ಕರ ಟೋಪಿ ತೆಗೆದು ಬೀಸಿದರು, ಆಮೇಲೆ ಇಡಾಳ ಮುಖ ನೋಡಿ ಮರ್ಯಾದೆಯಿಂದ ಹಾಕಿಕೊಂಡರು. ಆಶ್ಲಿನ್ ಎರಡು ಸಲ ನೆಲಕ್ಕೆ ಉಜ್ಜುವ ಹಾಗೆ ಹೊಡೆದಳು. ಎರಡನ್ನೂ ಪ್ರಣತಿ ಬೆಕ್ಕಿನ ಹಾಗೆ ಬಿದ್ದು ಹಿಡಿದಳು. “ಸೋಮಾರಿ,” ಎಂದು ಭಾಸ್ಕರ ಗಾಳಿಗೆ ಹೇಳಿದ ಹಾಗೆ ಹೇಳಿದರು. ಇಡಾ ಕೇಳಿಸದವಳಂತೆ ಶಾಲು ಸರಿಮಾಡಿಕೊಂಡಳು.

ವಿರಾಮದ ನಂತರ ಕಾರ್ನರಿನಿಂದ ಬಂದ ಚೆಂಡಿಗೆ ವಾರಟಾದ ನಾಯಕಿ ತಲೆ ಕೊಟ್ಟಳು. ಒಂದಕ್ಕೆ ಒಂದು. ಈಗ ಟೋಪಿ ಇಲ್ಲದ ಇಡಾ ಶಾಲು ಬೀಸಿದಳು. ಡ್ರಾ ಆದರೆ ಕೆಟಲ್ ಹಿಂದಿನ ವರ್ಷ ಗೆದ್ದವರಲ್ಲೇ ಉಳಿಯುತ್ತದೆ ಎಂಬುದು ಮೊದಲಿನಿಂದ ಬಂದ ನಿಯಮ. ಹಾಗಾಗಿ ಯಾರಾಸೈಡಿನವರು ಮೈಮೇಲೆ ಬಿದ್ದು ಆಡತೊಡಗಿದರು. ಪಂದ್ಯ ಮುಗಿಯಲು ಆರು ನಿಮಿಷ ಇದ್ದಾಗ ಚೆಂಡು ಹೇಗೋ ತಪ್ಪಿಸಿಕೊಂಡು ಆಶ್ಲಿನ್ ಕಾಲಿಗೆ ಬಂತು. ಅವಳು ಒಬ್ಬಳೇ ನುಗ್ಗಿದಳು. ಗೋಲಿನ ಮುಂದಿನ ಪೆನಾಲ್ಟಿ ಚೌಕದೊಳಗೆ ಹಿಂದಿನಿಂದ ಯಾರೋ ಕಾಲು ಕೊಟ್ಟರು. ರೆಫರಿ ಪೆನಾಲ್ಟಿಯ ಚುಕ್ಕೆಗೆ ಕೈ ತೋರಿಸಿದಳು.

ಇಡಾ ಹರ್ಮನ್‌ನ ಜಾಕೆಟ್ ಹಿಡಿದುಕೊಂಡಳು.

ಆಶ್ಲಿನ್ ಚೆಂಡನ್ನಿಟ್ಟು ಹಿಂದೆ ಬಂದಳು. ಓಡಿಬಂದಳು. ಅರೆಗಳಿಗೆ ನಿಲ್ಲಲಿಲ್ಲ. ಮೇಲಕ್ಕೂ ಹೊಡೆಯಲಿಲ್ಲ, ಎಡಕ್ಕೂ ಹೊಡೆಯಲಿಲ್ಲ. ಪ್ರಣತಿಯ ಬಲಬದಿಗೆ, ನೆಲಕ್ಕೆ ಅಂಟಿದ ಹಾಗೆ ಹೊಡೆದಳು. ಉದ್ದನೆಯ ಆ ಹುಡುಗಿ ಮಡಚಿದ ಕೊಡೆಯಂತೆ ನೆಲಕ್ಕೆ ಬಿದ್ದು, ಬೆರಳ ತುದಿಯಿಂದ ಚೆಂಡನ್ನು ಕಂಬದ ಆಚೆಗೆ ತಳ್ಳಿಬಿಟ್ಟಳು.

ಮೈದಾನದ ಈ ಬದಿಯಲ್ಲಿ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದದ್ದು ಇಡಾ. ಹೊಡೆದ ಮೇಲೆಯೇ ಅವಳಿಗೆ ತಾನು ಯಾರ ಕಡೆಯವಳೆಂಬುದು ನೆನಪಾದದ್ದು. ಹತ್ತಾರು ವರ್ಷ ಮೈದಾನದ ಬದಿಯಲ್ಲಿ ನಿಂತವಳಿಗೆ ಅಂಥ ತಡೆ ನೋಡಿ ಕೈ ಸುಮ್ಮನಿರಲಿಲ್ಲ. “ಎಂತ ಸೇವ್ ಮಾರಾಯ್ರೆ ಅದು,” ಎಂದಳು. ಭಾಸ್ಕರರ ಕಣ್ಣು ತುಂಬಿತ್ತು. ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತರು.

ಪಂದ್ಯ ಹಾಗೆಯೇ ಮುಗಿಯಿತು. ಒಂದಕ್ಕೆ ಒಂದು. ಕೆಟಲ್ ಸಿಡ್ನಿಯಲ್ಲೇ ಉಳಿಯಿತು. ಗೆದ್ದೆವೆಂದು ವಾರಟಾದವರು ಕುಣಿದರು, ಸೋಲಲಿಲ್ಲವೆಂದು ಯಾರಾಸೈಡಿನವರು ಪ್ರಣತಿಯನ್ನು ಎತ್ತಿಕೊಂಡರು. ಬೆವರು, ಕೆಸರು ಒಂದಾಗಿದ್ದ ಆಶ್ಲಿನ್ ಬೇಲಿಯ ಹತ್ತಿರ ಬಂದಾಗ ಇಡಾ ತಾನಾಗಿಯೇ ಬಾಯಿಬಿಟ್ಟಳು.

“ಅವಳಿಗೆ ಏನೂ ಗೊತ್ತಿರ್ಲಿಲ್ಲ ಬಾಯೆ. ಅವಳಪ್ಪ ಹೇಳಿರ್ಲಿಲ್ಲ. ನೀನು ಯಾವಾಗಿನ ಹಾಗೆ ಹೊಡೆದಿದ್ರೆ ಗೋಲಾಗ್ತಿತ್ತು. ಎಲ್ಲ ನನ್ನಿಂದ.”

ಆಶ್ಲಿನ್ ನೀರಿನ ಬಾಟಲಿ ಖಾಲಿ ಮಾಡಿದಳು. “ಹೊಡೆದಿದ್ದು ನಾನು ಮಮ್ಮಾ, ನೀನಲ್ಲ,” ಎಂದಳು. “ಎಂಟನೇ ಸಲಾನೂ ಅಲ್ಲಿಗೇ ಹೊಡೆಯೋಕೆ ನಂಗೂ ಭಯ ಇತ್ತು. ಅವ್ಳು ಸೂಪರಾಗಿ ತಡೆದ್ಲು.” ಆಮೇಲೆ ಕೆಸರಿನ ಕೈಯಲ್ಲೇ ಅಮ್ಮನ ಭುಜ ಹಿಡಿದು ನಗತೊಡಗಿದಳು. “ನೀನು ಚಪ್ಪಾಳೆ ಹೊಡೆದಿದ್ದು ಕಾಣಿಸ್ತು. ಇಡೀ ಟೀಮ್‌ಗೆ ಕಾಣಿಸ್ತು.”

ಊಟ ಭಾಸ್ಕರರ ಮನೆಯಲ್ಲಿ. ಬೇಡವೆಂದರೂ ವಸಂತಾ ಬಿಡಲಿಲ್ಲ. ಬಿಸಿಬೇಳೆಬಾತಿನ ತಟ್ಟೆ ಹಿಡಿದ ಇಬ್ಬರು ಹುಡುಗಿಯರು ಹಿತ್ತಲಿನ ಮೆಟ್ಟಿಲ ಮೇಲೆ ಕೂತು, ಅಂದಿನ ಪಂದ್ಯದ ಯಾವುದೋ ಆಫ್‌ಸೈಡಿನ ಬಗ್ಗೆ ವಾದ ಮಾಡಿದರು. ಪ್ರಣತಿ ಒಳಗೆ ಬಂದಾಗ ಇಡಾಳ ಎದುರು ನಿಂತು, “ಆಂಟಿ, ತೆಂಗಿನ ಮರ ಅಂದ್ರಂತೆ,” ಎಂದು ಮುದ್ದಾದ ಕನ್ನಡದಲ್ಲಿ ಕೇಳಿದಳು. ಇಡಾ ಅವಳ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿ, “ಈಗ ಬಗ್ಗುವ ತೆಂಗಿನ ಮರ ಅಂತೇನೆ,” ಎಂದಳು.

ಮಧ್ಯಾಹ್ನ ಎರಡೂವರೆಗೆ ಹೊರಟರು. ತಂಡದ ಬಸ್ಸು ಬಿಟ್ಟು ಅಪ್ಪ ಅಮ್ಮನ ಜೊತೆ ಬರಲು ಆಶ್ಲಿನ್ ಕೋಚಿನ ಒಪ್ಪಿಗೆ ಪಡೆದಿದ್ದಳು. ಸೀಮೋರ್ ಹತ್ತಿರ ಬರುವವರೆಗೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದವಳು, ಎದ್ದು ಮುಂದಕ್ಕೆ ಬಾಗಿದಳು.

“ಫಸ್ಟ್ ಇಯರ್‌ದು ಓದು.”

“ಈಗಲಾ? ಕನ್ನಡದಲ್ಲಿ ಉಂಟು.”

“ಓದು. ಅರ್ಥ ಆಗದಿದ್ರೆ ಕೇಳ್ತೀನಿ.”

ಇಡಾ ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ನಾಲ್ಕು ವರ್ಷ ಹಿಂದಕ್ಕೆ ಹೋಗಿ, ಗಂಟಲು ಸರಿಮಾಡಿಕೊಂಡು ಓದತೊಡಗಿದಳು. ಒಂದು ಸಾಲು ಕನ್ನಡ, ಅದರ ಹಿಂದೆಯೇ ಕೊಂಕಣಿ. ‘ಹೊಸದಾಗಿ ಸೇರಿರುವ ಹತ್ತನೇ ನಂಬರಿನ ಹುಡುಗಿ ಸಣ್ಣಗಿದ್ದಾಳೆ, ಆದರೆ ಪೆಂಬಲ್‌ಟನ್ ತಂಡದ ವಿರುದ್ಧ ಫ್ರೀ ಕಿಕ್ಕಿನಲ್ಲಿ ಹೊಡೆದ ಗೋಲನ್ನು ನೋಡಿದವರು...’

“ಅದು ಫ್ರೀ ಕಿಕ್ ಅಲ್ಲ ಮಮ್ಮಾ, ಕಾರ್ನರ್.”

“ಫ್ರೀ ಕಿಕ್. ನಾನು ಅಲ್ಲೇ ನಿಂತಿದ್ದೆ.”

“ಹೊಡೆದಿದ್ದು ನಾನು.”

“ಬರೆದದ್ದು ನಾನು,” ಎಂದಳು ಇಡಾ. ಹರ್ಮನ್ ರೇಡಿಯೋವನ್ನು ಪೂರ್ತಿ ಆರಿಸಿದ. ಅವಳು ಮುಂದಿನ ಸಾಲಿಗೆ ಹೋದಳು.