ಜಾರಿದ್ದು ಕಲ್ಲಿನ ತಪ್ಪು

ಕೊಂಢವಾ ಬಡಾವಣೆಯ ಆ ಐದಂತಸ್ತಿನ ವಸತಿ ಸೊಸೈಟಿಯಲ್ಲಿ ಹನ್ನೊಂದು ವರ್ಷದಿಂದ ಕಸ ಹೊಡೆಯುತ್ತಿದ್ದ ಚನ್ನಬಸವ್ವನಿಗೆ ಸಹಿ ಮಾಡಲು ಚೆನ್ನಾಗಿಯೇ ಬರುತ್ತಿತ್ತು. ಬೈಲಹೊಂಗಲದಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಆದರೂ ಆ ಮಧ್ಯಾಹ್ನ ಸೆಕ್ರೆಟರಿ ಶ್ಯಾಮರಾಯರು ಚಾಚಿದ ಪೆನ್ನನ್ನು ಅವಳು ಮುಟ್ಟಲಿಲ್ಲ.

"ಏನು ಬರದೀರಿ, ಓದಿ ಹೇಳ್ರಿ ಮೊದಲ."

ಶ್ಯಾಮರಾಯರು ಧಾರವಾಡದವರು, ಬ್ಯಾಂಕಿನ ಕಾರಕೂನಿಕೆಯಿಂದ ನಿವೃತ್ತರಾದವರು. ಚೀಟಿ ಮರಾಠಿಯಲ್ಲಿತ್ತು, ಓದಿದ್ದು ಕನ್ನಡದಲ್ಲಿ. ಮಂಗಳವಾರ ಬೆಳಿಗ್ಗೆ ಗೇಟಿನ ಬಳಿಯ ಇಳಿಜಾರಿನ ಮೇಲೆ ಸಾಬೂನು ನೀರು ಬಿಟ್ಟದ್ದು ತನ್ನ ತಪ್ಪು, ಅದರಿಂದಲೇ ಎರಡನೆಯ ಮಹಡಿಯ ರಾಧಾಬಾಯಿ ಜಾರಿ ಬಿದ್ದು ಮುಂಗೈ ಮುರಿದುಕೊಂಡರು, ಕ್ಷಮಿಸಬೇಕು.

"ಇಷ್ಟಕ್ಕ ಸಹಿ ಹಾಕಿದ್ರ ಮುಗೀತವಾ. ನಾಳೆಯಿಂದ ಎಂದಿನಂಗ ಕೆಲಸ. ಇಲ್ಲಂದ್ರ ಕಮಿಟಿಯವರು ಬ್ಯಾರೆಯವರನ್ನ ನೋಡ್ತಾರ."

"ನಾ ಸಾಬೂನು ಹಾಕೇ ಇಲ್ಲಲ್ರಿ. ಅವತ್ತು ಮಳಿ ಬಂದಿತ್ತು."

"ಮಳಿ ಎಲ್ಲಾರ ಮ್ಯಾಲೂ ಬರ್ತದ. ಬಿದ್ದವರು ಅವರೊಬ್ಬರ. ಒಂದೀಟು ಮೈಭಾರಾನೂ ಅದ ಅನ್ನು, ಅದನ್ನ ಕಾಗದದಾಗ ಬರಿಯಾಕ ಬರ್ತದೇನು?"

ಆ ಇಳಿಜಾರೆಂದರೆ ರಾಯರಿಗೆ ಮಗುವಿದ್ದ ಹಾಗೆ. ಹೋದ ದೀಪಾವಳಿಗೆ ಹಳೆಯ ಒರಟು ಸಿಮೆಂಟು ಕೀಳಿಸಿ, ತಾವೇ ಅಂಗಡಿ ಅಂಗಡಿ ಅಲೆದು ಕರಿಯ ಗ್ರಾನೈಟ್ ಆರಿಸಿ, ಮುಖ ಕಾಣುವಂತೆ ಎರಡು ಸಲ ಪಾಲಿಶ್ ಹೊಡೆಸಿದ್ದರು. ಅದರ ಮೇಲೆ ಯಾರಾದರೂ ಉಗುಳಿದರೆ ತಾವೇ ಒರೆಸುವಷ್ಟು ಪ್ರೀತಿ.

ಚನ್ನಬಸವ್ವ ಸೆರಗು ಸಿಕ್ಕಿಸಿಕೊಂಡಳು.

"ರಾಯರ, ನಿಮ್ಮ ಮನ್ಯಾಗ ಬೀಸೋಕಲ್ಲು ಇತ್ತಿಲ್ರಿ?"

"ಇತ್ತು. ಯಾಕ?"

"ಬೀಸಿ ಬೀಸಿ ನುಣ್ಣಗಾದ್ರ ನಿಮ್ಮವ್ವಾರು ಏನು ಮಾಡತಿದ್ರು?"

"ಕಲ್ಲು ಕಟಿಯಾವ್ರನ್ನ ಕರದು ಉಳೀಲೆ ಕಚ್ಚು ಹೊಡಸ್ತಿದ್ರು. ನುಣ್ಣಗಾದ್ರ ಕಾಳು ಹಿಡಿಯೂದಿಲ್ಲ, ಜಾರ್ತದ..." ಎನ್ನುತ್ತಿದ್ದವರು ಅಷ್ಟಕ್ಕೇ ನಿಲ್ಲಿಸಿದರು.

"ನಮ್ಮಪ್ಪ ಊರೂರು ತಿರುಗಿ ಅದನ್ನ ಮಾಡಾಂವ. ಕಾಳು ಜಾರೋ ಕಲ್ಲಿನ ಮ್ಯಾಲೆ ಮನಷ್ಯಾರನ್ನ ನಡಸ್ತೀರಿ, ಮತ್ತ ಸಹಿ ನನ್ನದು."

"ಬಾಯಿಮಾತು ಬ್ಯಾಡ. ಸಾಬೂನಿಲ್ಲದ ಜಾರ್ತದ ಅಂತ ಹೆಂಗ ಹೇಳ್ತಿ?"

"ಹೇಳೂದಿಲ್ಲ, ತೋರಸ್ತೀನಿ."

ಪಾರ್ಕಿಂಗಿನ ಮೂಲೆಯಲ್ಲಿ ಅದೇ ಕಲ್ಲಿನ ಎರಡಡಿ ತುಂಡೊಂದು ಉಳಿದಿತ್ತು. ಅದನ್ನು ಎಳೆದು ತಂದು ಮಲಗಿಸಿ, ತನ್ನ ಚಪ್ಪಲಿಯೊಂದನ್ನು ಮೇಲಿಟ್ಟಳು. ಶಾಲೆಯಿಂದ ಆಗತಾನೇ ಬಂದ ಮಗಳು ತನುಶ್ರೀ, ಎಂಟನೆಯ ಇಯತ್ತೆಯವಳು, ಚೀಲ ಕೆಳಗಿಟ್ಟು ಕಲ್ಲಿನ ಒಂದು ತುದಿ ಹಿಡಿದಳು. ಮಗಳು ಎತ್ತುತ್ತ ಹೋದಳು, ತಾಯಿ ತುದಿಯ ಕೆಳಗೆ ಬೆರಳಿಟ್ಟು ಎಣಿಸಿದಳು. ಹದಿನಾರು ಬೆರಳು ಎತ್ತರಕ್ಕೆ ಚಪ್ಪಲಿ ಜಾರಿತು. ಆಮೇಲೆ ನಲ್ಲಿಯ ಬರೀ ನೀರು ಚಿಮುಕಿಸಿದರು. ಒಂಬತ್ತೇ ಬೆರಳಿಗೆ ಚಪ್ಪಲಿ ಕೆಳಗಿತ್ತು.

"ನೀರು ಕುಡದು ನೋಡ್ರಿ ಬೇಕಾದ್ರ. ಸಾಬೂನಿಂದು ರುಚಿ ಬರ್ತದೇನು," ಎಂದಳು ಚನ್ನಬಸವ್ವ.

"ಬರೀ ಚಪ್ಪಲಿ ಹಗುರ ಇರ್ತದ. ಭಾರ ಇದ್ರ ಲೆಕ್ಕ ಬ್ಯಾರೆ."

ತನುಶ್ರೀ ಚಪ್ಪಲಿಯ ಮೇಲೊಂದು ಇಟ್ಟಿಗೆ ಇಟ್ಟಳು. ಮತ್ತೆ ಒಂಬತ್ತು ಬೆರಳು.

"ಕಾಕಾ, ಭೂಮಿ ಎಲ್ಲಾರನ್ನೂ ಕೆಳಗ ಎಳೀತದ್ರಿ. ಇಳಿಜಾರಿನ್ಯಾಗ ಆ ಎಳೆತದ ಒಂದು ಪಾಲು ನಮ್ಮನ್ನ ಮುಂದಕ್ಕ ಜಾರಸ್ತದ. ತಡಿಯೂದು ಘರ್ಷಣೆ. ಭಾರ ಹೆಚ್ಚಾದ್ರ ಎಳೆತಾ ಹೆಚ್ಚು, ಕಲ್ಲಿನ ಮ್ಯಾಲಿನ ಒತ್ತಡ ಹೆಚ್ಚು, ತಡಿಯೋ ಘರ್ಷಣೇನೂ ಅಷ್ಟ ಹೆಚ್ಚು. ದಪ್ಪ ಇದ್ದವರಷ್ಟ ಜಾರ್ತಾರ ಅನ್ನೂದು ಸುಳ್ಳ."

ಕಲ್ಲನ್ನು ಮಗುಚಿ, ಪಾಲಿಶ್ ಕಾಣದ ಒರಟು ಬೆನ್ನಿಗೆ ನೀರು ಹಾಕಿದರು. ಹದಿನೈದು ಬೆರಳಾದರೂ ಚಪ್ಪಲಿ ಕದಲಲಿಲ್ಲ. ಕೊನೆಗೆ ಗೇಟಿನ ಇಳಿಜಾರನ್ನೇ ಅಳೆದರೆ ಎರಡಡಿಗೆ ಏಳು ಬೆರಳಿನ ಏರು.

"ನೋಡ್ರಿ, ಏಳಕ್ಕೂ ಒಂಬತ್ತಕ್ಕೂ ಎರಡ ಬೆರಳು," ಎಂದಳು ತನುಶ್ರೀ. "ಸುಮ್ನ ನಿಂತ್ರ ಜಾರೂದಿಲ್ಲ. ಹೆಜ್ಜಿ ಮುಂದಿಟ್ಟು ಒತ್ತಿದ್ರ ಹೋತು."

ರಾಯರು ತಮ್ಮ ಹೊಳೆಯುವ ಕಲ್ಲಿನ ಕಡೆಗೊಮ್ಮೆ ನೋಡಿದರು. ಚೀಟಿ ಮಡಚಿ ಜೇಬಿಗೆ ಹಾಕಿದರು.

"ಆತು ಬಿಡವಾ. ಸಹಿ ಬ್ಯಾಡ. ಕೆಲಸಕ್ಕ ಬಾ."

"ಅಷ್ಟಕ್ಕ ಬಿಡಂಗಿಲ್ರಿ."

"ಮತ್ತೇನು?"

"ರಾಧಾಬಾಯಿ ಮೂರು ದಿನದಿಂದ ನನ್ನ ಮಾರಿ ನೋಡವಲ್ರು. ನನ್ನ ಕೈಲೆ ಮುರೀತು ಅಂತ ತಿಳಕೊಂಡಾರ. ನೀವು ಹೋಗಿ ಹೇಳ್ರಿ."

"ನೀನ ಹೋಗಿ ಹೇಳವಾ."

"ನಾ ಹೇಳಿದ್ರ ತಪ್ಪಿಸಿಕೊಳ್ಳಾಕ ಹೇಳ್ತಾಳ ಅಂತಾರ. ಹೆಸರು ಕೆಡಿಸಿದ ಬಾಯಿ ನಿಮ್ಮದು."

"ಕಲ್ಲು ಯಾರು ಆರಿಸಿದ್ರು ಅಂತ ಕೇಳ್ತಾರವಾ," ಎಂದರು ರಾಯರು, ದನಿ ತಗ್ಗಿಸಿ.

"ಕೇಳಲಿ. ಅದನ್ನೂ ಹೇಳ್ರಿ. ಅಲ್ಲೀತನಕ ನಾ ಕಸಬರಿಗಿ ಮುಟ್ಟಂಗಿಲ್ಲ. ಬ್ಯಾರೆಯವರನ್ನ ತರ್ತೀರಿ, ತರ್ರಿ. ಅವರಿಗೂ ಈ ಕಲ್ಲು ತೋರಿಸಿನ ಹೋಗ್ತೀನಿ."

ರಾಯರು ತನುಶ್ರೀಯನ್ನು ನೋಡಿದರು. ಅವಳೇನೂ ಅವರ ಸಹಾಯಕ್ಕೆ ಬರಲಿಲ್ಲ, ಇಟ್ಟಿಗೆಯನ್ನು ಜಾಗಕ್ಕೆ ಇಡುತ್ತಿದ್ದಳು. ಅವರು ಲಿಫ್ಟಿನ ಕಡೆ ನಡೆದರು.

ಚನ್ನಬಸವ್ವ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಬಾಗಿಲು ಮುಚ್ಚಿತು. ಮೇಲಿನ ಕೆಂಪು ಅಂಕಿ ಒಂದಾಯಿತು, ಎರಡಾಯಿತು, ಅಲ್ಲೇ ನಿಂತಿತು. ಆಮೇಲೆ ಅವಳು ಬಕೆಟ್ ಎತ್ತಿಕೊಂಡಳು.