ನಾಲ್ಕು ಗಂಟೆ ಕಾರ್ಟೂನು

ಡಾರ್ಸಿ ಕಾರಿಂದ ಇನ್ನೂ ಒಂದು ಕಾಲು ಹೊರಗಿಟ್ಟಿದ್ಲು ಅಷ್ಟೇ, ಅವಳಮ್ಮ ವರ್ನಾ ಅವಳನ್ನ ಪಕ್ಕಕ್ಕೆ ಸರಿಸಿ ಹಿಂದಿನ ಸೀಟಿಗೆ ತಲೆ ತೂರಿಸಿದ್ಲು. ಸೀಟಲ್ಲಿ ಒಂದು ಕೋಟು, ಒಂದು ಖಾಲಿ ಕಾಫಿ ಲೋಟ, ಗಾಜಿನ ಮೇಲಿನ ಹಿಮ ಕೆರೆಯೋ ಬ್ರಷ್ಷು.

"ಮಗು ಎಲ್ಲಿ?" ಅಂದ್ಲು ವರ್ನಾ.

ಐದು ವರ್ಷ ಆದ್ಮೇಲೆ ಅಮ್ಮನ ಬಾಯಿಂದ ಬಂದ ಮೊದಲನೇ ಮಾತು ಇದು. ತಾನಿರೋ ಡುಲೂತ್‌ನಿಂದ ಅಪ್ಪ ಅಮ್ಮನ ಊರು ಟಾಮರಾಕ್‌ಗೆ ಒಂದೂಕಾಲು ಗಂಟೆ ದಾರಿ. ಅಷ್ಟೂ ದಾರಿ ಡಾರ್ಸಿ ತನ್ನ ಎಂಟ್ರಿ ಸೀನಿಗೆ ರಿಹರ್ಸಲ್ ಮಾಡ್ಕೊಂಡೇ ಬಂದಿದ್ಲು. ಅಮ್ಮ ಬೈದ್ರೆ ಏನನ್ಬೇಕು, ಅತ್ರೆ ಏನನ್ಬೇಕು, ಮುಖ ತಿರುಗಿಸಿದ್ರೆ ಚರ್ಚಲ್ಲಿ ಯಾವ ಮೂಲೆ ಹಿಡೀಬೇಕು, ಎಲ್ಲಾ ರೆಡಿ ಇತ್ತು. ಅವಳಿಗೆ ಬೇಕಾಗಿದ್ದಿದ್ದು ಒಂದೇ. ಅಪ್ಪನ ಶವಪೆಟ್ಟಿಗೆ ಮುಂದೆ ಅಮ್ಮನ ಪಕ್ಕ ಕೂರೋ ಜಾಗ. ಸಿಗಲ್ಲ ಅಂತಾನೂ ಗೊತ್ತಿತ್ತು. ಆದ್ರೆ ಈ ಪ್ರಶ್ನೆ ಸ್ಕ್ರಿಪ್ಟಲ್ಲೇ ಇರ್ಲಿಲ್ಲ. ಅವಳಿಗೆ ಮಗು ಇಲ್ಲ. ಗಂಡನ್ನ ಬಿಟ್ಟ ಮೇಲೆ ಒಂದು ಬೆಕ್ಕನ್ನೂ ಸಾಕಿರ್ಲಿಲ್ಲ.

ಚರ್ಚ್ ಮುಂದೆ ಕಪ್ಪು ಕೋಟಿನ ಜನ ಚಳಿಗೆ ಬಾಯಲ್ಲಿ ಹೊಗೆ ಬಿಡ್ತಾ ನಿಂತಿದ್ರು. ಅವರೊಳಗಿಂದ ಗೋರ್ಡಿ ಬಂದ. ಅಪ್ಪನ ಜೊತೆ ಮೂವತ್ತು ವರ್ಷ ಕೇಬಲ್ ಕಂಬ ಹತ್ತಿದೋನು. ಅವಳನ್ನ ತಬ್ಬಿಕೊಂಡು ಬೆನ್ನು ತಟ್ಟಿದ.

"ನಾಚ್ಕೋಬೇಡ ಪುಟ್ಟಿ, ಊರಿಗೆಲ್ಲಾ ಗೊತ್ತು. ನಿಮ್ಮಪ್ಪಾನೇ ಡಂಗುರ ಹೊಡ್ದಿದ್ದ. ಆ ಡಬ್ಬಿ ಕಳಿಸಿದ್ನಲ್ಲ ನಿಂಗೆ, ಟೀವಿಗೆ ಹಾಕೋದು? ಹಾಕಿದ್ರೆ ತೆರೆ ಮೇಲೆ ನಿನ್ನ ಹೆಸರಿನ ಬಣ್ಣದ ಬಿಲ್ಲೆ ಬರುತ್ತೆ, ನಿಮ್ಮಪ್ಪನ ಟೀವಿಲೂ. ದಿನಾ ಅದನ್ನ ಒತ್ತಿ, ನೀನು ಏನೇನು ನೋಡಿದೀಯ ಅಂತ ಇಲ್ಲಿಂದ ನೋಡೋನು. ಮೊದ್ಲು ಕೇಕ್ ಮಾಡೋ ಷೋ. ಆಮೇಲೆ ಬಸುರಿ ಬಾಣಂತಿ ಷೋ. ಆಮೇಲೆ ನೋಡು, ಬರೀ ಕಾರ್ಟೂನು. ಮೊಲ ರೈಲು ಬಿಡುತ್ತಲ್ಲ, ಅದು. ಸಾಯಂಕಾಲ ನಾಲ್ಕಕ್ಕೆ ಸರಿಯಾಗಿ. ಪತ್ತೇದಾರಿ ಥರ ಸುಳಿವು ಜೋಡ್ಸಿ, 'ಲೋ ಗೋರ್ಡಿ, ನಾನು ತಾತ ಆದೆ ಕಣೋ' ಅಂದ."

ಡಾರ್ಸಿಗೆ ಯಾವ ಡಬ್ಬಿ ಅಂತ ನೆನಪಾಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಅಷ್ಟರಲ್ಲಿ ಅಮ್ಮನ ಕೈ ಅವಳ ತೋಳಿನ ಮೇಲೆ ಬಂದು ಕೂತಿತ್ತು. ಸುತ್ತ ಎಲ್ಲರ ಮುಖದಲ್ಲೂ ಸಾವಿನ ಮನೆಗೆ ತಕ್ಕಷ್ಟು ಒಂದು ಸಣ್ಣ ನಗು. ಮಗು ಇಲ್ಲ ಅಂದ್ರೆ ಆ ಕೈ ಕೆಳಗಿಳಿಯುತ್ತೆ.

"ಜ್ವರ," ಅಂದ್ಲು ಡಾರ್ಸಿ. "ಕರ್ಕೊಂಡು ಬರೋಕಾಗ್ಲಿಲ್ಲ."

ವರ್ನಾ ಅವಳ ತೋಳಿಗೆ ತೋಳು ಸೇರಿಸಿ, ಎಲ್ಲರೂ ನೋಡೋ ಹಾಗೆ, ಮೊದಲನೇ ಸಾಲಿಗೆ ನಡೆಸ್ಕೊಂಡು ಹೋದ್ಲು.

*

ಆರ್ಲೋ ಸ್ಟೆಂಗಾರ್ಡ್ ಅಂದ್ರೆ ಆ ಊರಲ್ಲಿ ಮೂವತ್ತೊಂದು ವರ್ಷ ಕೇಬಲ್ ಎಳೆದೋನು. ಚಿಕ್ಕವಳಿದ್ದಾಗ ಡಾರ್ಸಿಗೆ ಅಪ್ಪ ಅಂದ್ರೆ ಕಂಬದ ತುದೀಲಿ ಕಾಣ್ತಿದ್ದ ಒಂದು ಜೊತೆ ಬೂಟು. ಸ್ಕೂಲ್ ಬಸ್ಸಿಂದ ಕೈ ಬೀಸಿದ್ರೆ ಬೂಟು ಅಲ್ಲಾಡ್ತಿತ್ತು. ರಿಟೈರಾದ ಮಾರನೇ ದಿನ ಅವನು ಕತ್ತರಿ ತಗೊಂಡು ತನ್ನ ಮನೆ ಕೇಬಲ್ ತಾನೇ ಕತ್ತರಿಸಿದ. ಆಮೇಲೆ ಪಕ್ಕದ ಮನೇದು. ಆಮೇಲೆ ಬೀದಿ ಪೂರ್ತಿ. ಛಾವಣಿ ಮೇಲೊಂದು ಆಂಟೆನಾ, ಟೀವಿ ಹಿಂದೊಂದು ಇಂಟರ್ನೆಟ್ ಡಬ್ಬಿ, ಊರಿನ ವಿಧವೆಯರಿಗೆಲ್ಲಾ ಯಾವ ಬಟನ್ನು ಯಾಕೆ ಅಂತ ಮೂರು ಮೂರು ಸಲ ಪಾಠ. ಫೀಸು ಒಂದು ತುಂಡು ಸೇಬಿನ ಪೈ.

ಜಗಳ ಆಗಿದ್ದು ಡಾರ್ಸಿಯ ಡೈವೋರ್ಸ್ ಆದ ಚಳಿಗಾಲದಲ್ಲಿ. ಅವಳು ಬಿಟ್ಟ ಗಂಡನ ಜೊತೆ ಅಪ್ಪ ಶನಿವಾರ ಶನಿವಾರ ಹೆಪ್ಪುಗಟ್ಟಿದ ಕೆರೆ ಮೇಲೆ ಮೀನು ಹಿಡಿಯೋಕೆ ಹೋಗೋದನ್ನ ನಿಲ್ಲಿಸ್ಲಿಲ್ಲ. ಫೋನಲ್ಲಿ ಕೇಳಿದ್ಲು, ಅವನು ಬೇಕಾ, ನಾನು ಬೇಕಾ, ಒಂದು ಹೇಳು.

"ಐಸ್ ಕೊರೆಯೋ ಮಿಷನ್ ಇರೋದು ಅವನ ಹತ್ರಾನೇ ಕಣೇ," ಅಂದ ಆರ್ಲೋ.

ಅವನ ಲೆಕ್ಕದಲ್ಲಿ ಅದು ಜೋಕು. ಮಗಳು ನಗೋಕೆ ಕಾದ. ಮಗಳು ಫೋನಿಟ್ಲು. ಅವನು ಅವಳಿಗೆ ಹೇಳಿದ ಕೊನೇ ಮಾತು ಅದೇ ಆಗೋಯ್ತು.

ಆ ಕ್ರಿಸ್ಮಸ್ಸಿಗೆ ಒಂದು ಪಾರ್ಸೆಲ್ ಬಂತು. ಒಳಗೆ ಡಬ್ಬಿ, ಬ್ಯಾಟರಿ ಹಾಕಿಟ್ಟ ರಿಮೋಟು, ಪತ್ರಗಿತ್ರ ಇಲ್ಲ. ಮುಚ್ಚಳದ ಮೇಲೆ ದಪ್ಪ ಪೆನ್ನಲ್ಲಿ 'ಸಿಕ್ಕಿಸು, ನೋಡು' ಅಂತ ಅಪ್ಪನ ಅಕ್ಷರ. ಡಾರ್ಸಿ ಅದನ್ನ ಬಟ್ಟೆ ಬುಟ್ಟಿ ಜೊತೆ ಬಿಲ್ಡಿಂಗಿನ ನೆಲಮಾಳಿಗೆಗೆ ತಗೊಂಡೋಗಿ, ಎಲ್ಲರೂ ಬಳಸೋ ವಾಷಿಂಗ್ ಮಿಷನ್ ಮೇಲಿಟ್ಟು, 'ಬೇಕಾದವರು ತಗೊಳ್ಳಿ' ಅಂತ ಚೀಟಿ ಅಂಟಿಸಿದ್ಲು. ಬಟ್ಟೆ ಒಣಗೋಕೆ ನಲವತ್ತು ನಿಮಿಷ. ವಾಪಸ್ ಬಂದಾಗ ಡಬ್ಬಿ ಇರ್ಲಿಲ್ಲ. ಅವತ್ತು ರಾತ್ರಿ ಊಟ ತುಂಬಾ ರುಚಿಯಾಗಿತ್ತು ಅನ್ನೋದು ಅವಳಿಗೆ ಈಗ್ಲೂ ನೆನಪಿದೆ.

*

ಪಾದ್ರಿ ಇನ್ನೂ ಕನ್ನಡಕ ಒರೆಸ್ಕೊಳ್ತಿದ್ರು. ವರ್ನಾ ಮಗಳ ಕಿವಿಗೆ ಬಗ್ಗಿದ್ಲು.

"ಹೆಸರೇನಿಟ್ಟೆ?"

ಎದುರಿಗೆ ಪೆಟ್ಟಿಗೆ. ಡಾರ್ಸಿಗೆ ಬೇರೆ ಯಾವ ಹೆಸರೂ ಬಾಯಿಗೆ ಬರ್ಲಿಲ್ಲ. "ಆರ್ಲೋ," ಅಂದ್ಲು.

ಹಿಂದಿನ ಸಾಲಿನ ಹೆಂಗಸು ಅದನ್ನ ಕೇಳಿಸ್ಕೊಂಡು ಬಾಯಿ ಮೇಲೆ ಕೈಯಿಟ್ಕೊಂಡ್ಲು. ಅಲ್ಲಿಂದ ಸುದ್ದಿ ಸಾಲು ಸಾಲು ದಾಟಿ, ಆರ್ಗನ್ ನುಡಿಸೋಳ ಹತ್ರ ಹೋಗಿ, ಅಲ್ಲಿಂದ ಪಾದ್ರಿ ಕಿವಿಗೆ ಬಿತ್ತು. ಪ್ರಸಂಗದ ನಡುವೆ ಅವರು ನಿಲ್ಲಿಸಿ, ಒಬ್ಬ ಆರ್ಲೋ ಹೋದ, ಇನ್ನೊಬ್ಬ ಚಿಕ್ಕ ಆರ್ಲೋ ಇವತ್ತು ಜ್ವರದಲ್ಲಿ ಮಲಗಿದಾನೆ, ಅವನಿಗೂ ಪ್ರಾರ್ಥಿಸೋಣ ಅಂದ್ರು. ಗೋರ್ಡಿ ಕರ್ಚೀಫು ಪೂರ್ತಿ ಒದ್ದೆ ಮಾಡ್ದ. ಕ್ಲೈಮ್ಯಾಕ್ಸಿಗೆ ಎತ್ತಿಟ್ಟಿದ್ದ ಕಣ್ಣೀರೆಲ್ಲಾ ಇಂಟರ್ವಲ್ಲಿಗೇ ಖಾಲಿ. ಇಲ್ಲದ ಮಗುಗೋಸ್ಕರ ಇನ್ನೂರು ಜನ ತಲೆ ಬಗ್ಗಿಸಿದ್ರು. ಡಾರ್ಸೀನೂ ಬಗ್ಗಿಸಿದ್ಲು. ವರ್ನಾ ಅವಳ ಮಂಡಿ ತಟ್ಟಿ, ಎಷ್ಟು ವರ್ಷ ಈಗ ಅಂತ ಕೇಳಿದ್ಲು. ಎರಡೂವರೆ. ಕೂದಲು? ಕೆಂಚು, ನಮ್ಮಪ್ಪನ ಥರ.

ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಗುದ್ದಲಿ ಇಳಿಯೋ ಹಾಗಿರ್ಲಿಲ್ಲ. ಚಳಿಗಾಲದಲ್ಲಿ ಸತ್ತವರಿಗೆ ಮಾಡೋ ಹಾಗೆ ಆರ್ಲೋನನ್ನೂ ಸ್ಮಶಾನದ ಕಲ್ಲಿನ ಕೋಣೇಲಿಟ್ಟು ಬೀಗ ಹಾಕಿದ್ರು. ಹೂಳೋದು ಇನ್ನು ಮೇ ತಿಂಗಳಲ್ಲಿ.

ಆಮೇಲೆ ಚರ್ಚಿನ ಕೆಳಗಿನ ಹಾಲ್‌ನಲ್ಲಿ ಊಟ. ಆಲೂಗಡ್ಡೆ ಮಾಂಸ ಬೇಯಿಸಿದ ಹಾಟ್‌ಡಿಶ್ಶಿನ ಟ್ರೇಗಳು, ಹ್ಯಾಮ್ ಸ್ಯಾಂಡ್‌ವಿಚ್ಚು, ನಡುಗೋ ಹಸಿರು ಜೆಲ್ಲಿ, ನೀರಿನಂಥ ಕಾಫಿ. ವರ್ನಾ ಮಗಳ ಕೈ ಬಿಡ್ಲಿಲ್ಲ. ಒಂದೊಂದು ಟೇಬಲ್ಲಿಗೂ ಕರ್ಕೊಂಡೋಗಿ, ನೀನೇ ಹೇಳೇ, ಮೊಲದ ರೈಲು ಬಂದ್ರೆ ಅವನು ಏನ್ಮಾಡ್ತಾನೆ ಅಂತ ಕೇಳೋಳು. ಮೊದಲನೇ ಟೇಬಲ್ಲಲ್ಲಿ ಡಾರ್ಸಿ, ಚಪ್ಪಾಳೆ ತಟ್ತಾನೆ ಅಂತಷ್ಟೇ ಅಂದ್ಲು. ಎರಡನೇದ್ರಲ್ಲಿ ಮಗು ಸೀಟಿ ಊದೋಕೂ ಶುರು ಮಾಡ್ತು. ನಾಲ್ಕನೇದ್ರ ಹೊತ್ತಿಗೆ ಅವನಿಗೊಂದು ಗಿಡ್ಡ ಮೂಗು, ಹಾಲಂದ್ರೆ ಮುಖ ಸಿಂಡರಿಸೋ ಚಾಳಿ, ಎಡಗೆನ್ನೇಲಿ ಗುಳಿ ಎಲ್ಲಾ ಬಂದಿತ್ತು. ಡಾರ್ಸಿಗೇ ಅವನ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು. ಬೇಗ ಮನೆಗೆ ಹೋಗ್ಬೇಕು, ಮಗು ಒಬ್ಬನೇ ಇದಾನೆ ಅಂತ ಒಂದು ಕ್ಷಣ ನಿಜವಾಗ್ಲೂ ಅನ್ಸಿತು.

ಜನ ಬರೀ ಕೈಲಿ ಬಿಡ್ಲಿಲ್ಲ. ಒಬ್ಬಳು ತನ್ನ ಮೊಮ್ಮಗನಿಗೆ ಹೆಣೆದಿದ್ದ ಕಾಲುಚೀಲ ಕೊಟ್ಲು. ಇನ್ನೊಬ್ಬಳು ಚಾಕಲೇಟ್ ಬಾರನ್ನ ಬೆಳ್ಳಿ ಹಾಳೆಲಿ ಸುತ್ತಿ, ಜ್ವರ ಬಿಟ್ಟ ಮೇಲೆ ಕೊಡು ಅಂದ್ಲು. ಗೋರ್ಡಿ ಹಿಮದ ಮೇಲೆ ಎಳೆಯೋ ಮರದ ಜಾರುಬಂಡಿ ಮಾಡ್ಕೊಡ್ತೀನಿ, ನಿಮ್ಮಪ್ಪ ಇದ್ದಿದ್ರೆ ಅವನೇ ಮಾಡ್ತಿದ್ದ ಅಂತ ಹೇಳಿ ಮತ್ತೆ ಅತ್ತ.

*

ಮನೆ ಸೇರಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಇಬ್ಬರೇ. ಡಾರ್ಸಿ ಗಿಫ್ಟಿನ ಚೀಲ ಕೈಲಿ ಹಿಡ್ಕೊಂಡೇ ಸೋಫಾ ಅಂಚಲ್ಲಿ ಕೂತು, ಇವತ್ತು ಇಲ್ಲೇ ಇರ್ಲಾ ಅಂತ ಕೇಳಿದ್ಲು. ವರ್ನಾ ಶೂ ಬಿಚ್ಚಿ ಜೋಡಿಸಿಟ್ಲು.

"ಜ್ವರ ಎಷ್ಟಿದೆ ಅಂದೆ?"

"ನೂರ ಒಂದು."

"ಹೌದಾ? ಬೆಳಗ್ಗೆ ನಾನು ಫೋನಲ್ಲಿ ಮಾತಾಡಿದ್ನಲ್ಲ, ಚೆನ್ನಾಗೇ ಇದ್ದ. ತಿಂಡಿಗೆ ಎರಡು ಬಾಳೆಹಣ್ಣು ತಿಂದನಂತೆ."

ಡಾರ್ಸಿಯ ಕೈಲಿದ್ದ ಬೆಳ್ಳಿ ಹಾಳೆ ಸಣ್ಣಗೆ ಸದ್ದು ಮಾಡ್ತು.

ವರ್ನಾ ದನಿ ಏರಿಸದೆ, ಹಾಲಿನವನ ವಿಷಯ ಹೇಳೋ ಹಾಗೆ ಹೇಳಿದ್ಲು. ಕಾರ್ಟೂನ್ ಶುರುವಾದಾಗ ಆರ್ಲೋಗೆ ತಡೆಯೋಕಾಗ್ಲಿಲ್ಲ. ಒಂದೇ ಖಾತೆ, ಒಬ್ಬರ ಬಿಲ್ಲೆ ಇನ್ನೊಬ್ಬರ ಟೀವಿಲೂ ಕಾಣುತ್ತೆ. ಅದಕ್ಕೆ ತನ್ನ ಬಿಲ್ಲೆ ಮೇಲಿದ್ದ 'ಆರ್ಲೋ' ಅನ್ನೋದನ್ನ ಅಳಿಸಿ, 'ಅಪ್ಪನಿಗೆ ಫೋನ್ ಮಾಡು' ಅಂತ ಬರೆದ. ಪಕ್ಕದಲ್ಲಿ ಮನೆ ನಂಬರು. ಎಂಟು ತಿಂಗಳು ಫೋನನ್ನ ಬಚ್ಚಲಿಗೂ ತಗೊಂಡೋಗೋನು.

"ಬಂತು," ಅಂದ್ಲು ವರ್ನಾ. "ನಿಂದಲ್ಲ."

ರೆನೇ ಅಂತ ಒಬ್ಬಳು ಮಾಡಿದ್ಲು. ವಾಷಿಂಗ್ ಮಿಷನ್ ಮೇಲೆ ಚೀಟಿ ನೋಡಿ ತಗೊಂಡಿದ್ದೆ, ಯಾರದೋ ಮನೇದು ಕದ್ದ ಹಾಗಾಯ್ತಲ್ಲ, ಕಿತ್ತು ಕಳಿಸ್ಲಾ ಸಾರ್ ಅಂತ ಕೇಳಿದ್ಲಂತೆ. ಆರ್ಲೋ, ಮಗು ಹೆಸರೇನಮ್ಮ ಅಂತ ಕೇಳಿದ. ಡೀನ್. ಡಬ್ಬಿ ಇರ್ಲಿ, ಅವನು ನೋಡ್ಲಿ ಅಂದ. ತನ್ನ ಬಿಲ್ಲೆ ಮೇಲೆ ಮತ್ತೆ ಹಳೇ ಹೆಸರೇ ಬರೆದ. ಆಮೇಲೆ ಹದಿನೈದು ದಿನಕ್ಕೊಂದು ಭಾನುವಾರ ಗಂಡ ಹೆಂಡ್ತಿ ಡುಲೂತ್‌ಗೆ ಹೋಗಿ ಬರ್ತಿದ್ರು. ಊರಲ್ಲಿ ಯಾರಿಗೂ ಹೇಳ್ಲಿಲ್ಲ, ಗೋರ್ಡಿಗೂ ಇಲ್ಲ. ತಾತ ಅಂತ ಒಪ್ಕೊಂಡಿದ್ದ ಜನರ ಹತ್ರ ಏನಂತ ಹೇಳೋದು.

"ರೆನೇ ಮನೆ ಎಲ್ಲಿ ಗೊತ್ತಾ?" ಅಂದ್ಲು. "ನಿನ್ನ ಮನೆ ಕೆಳಗಡೇದು. ನಿನ್ನ ಕಾರು ನಿಂತಿರೋದು. ಮೇಲೆ ದೀಪಾನೂ ಇರೋದು."

"ಮತ್ತೆ ಯಾಕೆ ಬರ್ಲಿಲ್ಲ?"

"ನಾನು ಹೋಗೋಣ ಅಂದೆ. ಮಂಡಿ ನೋವು, ಮೆಟ್ಲು ಹತ್ತೋಕಾಗಲ್ಲ ಅಂದ."

ಹದಿನಾಲ್ಕು ಮೆಟ್ಲು. ಡಾರ್ಸಿ ದಿನಾ ಹತ್ತಿಳಿಯೋವು.

"ಒಂದ್ಸಲ ಕಾರ್ಟೂನ್ ಸದ್ದು ಜಾಸ್ತಿ ಆಯ್ತು ಅಂತ ನೀನು ಮೇಲಿಂದ ಪೊರಕೆ ಕಡ್ಡೀಲಿ ನೆಲ ಕುಟ್ಟಿದೆ. ಆರ್ಲೋ ಮಗೂನ ತೊಡೆ ಮೇಲೆ ಕೂರಿಸ್ಕೊಂಡಿದ್ದ. ತಲೆಯೆತ್ತಿ ನೋಡ್ದ. ಆಮೇಲೆ ವಾಲ್ಯೂಮ್ ಕಮ್ಮಿ ಮಾಡ್ದ."

ಗೋಡೆ ಗಡಿಯಾರದ ಮುಳ್ಳು ಒಂದು ಸಲ ಜರುಗಿತು. ಡಾರ್ಸಿ ಅಮ್ಮನ ಕಡೆ ತಿರುಗಿದ್ಲು.

"ಎಲ್ಲಾ ಗೊತ್ತಿತ್ತಲ್ಲ ನಿಂಗೆ. ಬೆಳಗ್ಗೆ ಯಾಕೆ ಕೇಳಿದೆ? ಅಷ್ಟು ಜನರ ಮುಂದೆ?"

"ಎಲ್ಲೀವರೆಗೂ ಹೋಗ್ತೀಯ ನೋಡೋಣ ಅಂತ." ವರ್ನಾ ರಿಮೋಟ್ ಹುಡುಕಿ ಕೈಗೆತ್ಕೊಂಡ್ಲು. "ಅವನ ಹೆಸರನ್ನೇ ಇಡ್ತೀಯ ಅಂತ ಮಾತ್ರ ನಂಗೂ ಗೊತ್ತಿರ್ಲಿಲ್ಲ. ಚೆನ್ನಾಗಿ ಹೇಳ್ದೆ. ಕೆನ್ನೆ ಗುಳಿ ಕೂಡ."

"ಅಮ್ಮ."

"ಮೇ ತಿಂಗಳಲ್ಲಿ ಹೂಳೋವಾಗ ಎಲ್ಲರೂ ಬರ್ತಾರೆ. ಗೋರ್ಡಿ ಜಾರುಬಂಡಿ ತರ್ತಾನೆ. ಚಿಕ್ಕ ಆರ್ಲೋನ ಕರ್ಕೊಂಡು ಬಾ."

ಟೀವಿ ಆನ್ ಆಯ್ತು. ಮೂರು ಬಣ್ಣದ ಬಿಲ್ಲೆ ಸಾಲಾಗಿ ನಿಂತ್ವು. ಆರ್ಲೋ, ವರ್ನಾ, ಡಾರ್ಸಿ. ವರ್ನಾ ಮೂರನೇದ್ರ ಮೇಲೆ ಹೋಗಿ, ಕೆಳಗಿದ್ದ ಹೆಸರು ತಿದ್ದೋ ಪೆನ್ಸಿಲ್ ಗುರುತು ಒತ್ತಿದ್ಲು. ತೆರೆ ತುಂಬಾ ಇಂಗ್ಲಿಷ್ ಅಕ್ಷರದ ಚೌಕಗಳು ಬಂದ್ವು.

"ನಿಮ್ಮಪ್ಪ ಎರಡು ಸಲ ಇದನ್ನ ಅಳಿಸೋಕೆ ಕೂತ. ಅವನ ಕೈಲಾಗ್ಲಿಲ್ಲ," ಅಂದ್ಲು.

ಅಳಿಸೋ ಗುರುತು ಚೌಕಗಳ ಸಾಲಿನ ತುತ್ತ ತುದೀಲಿತ್ತು. ವರ್ನಾ ಬಾಣದ ಬಟನ್ ಒತ್ತಿ ಒತ್ತಿ, ಒಂದೊಂದೇ ಮನೆ ದಾಟ್ಕೊಂಡು ಅಲ್ಲಿಗೆ ಹೋದ್ಲು. ವೈ ಹೋಯ್ತು. ಕನ್ನಡಕ ಸರಿ ಮಾಡ್ಕೊಂಡ್ಲು. ಸಿ ಹೋಯ್ತು. ಆರ್ ಹೋಯ್ತು, ಎ ಹೋಯ್ತು. ಡಾರ್ಸಿ ಚೀಲ ಎದೆಗೊತ್ಕೊಂಡು ಎದ್ದು ನಿಂತಿದ್ಲು. ಯಾರೂ ಅವಳಿಗೆ ಕೂತ್ಕೋ ಅನ್ಲಿಲ್ಲ, ಹೋಗು ಅಂತಾನೂ ಅನ್ಲಿಲ್ಲ.

ಕೊನೇಗೆ ಡಿ ಒಂದೇ ಉಳೀತು. ಅದರ ಪಕ್ಕ ಒಂದು ಗೆರೆ ಮಿಣುಕ್ತಿತ್ತು. ವರ್ನಾ ಹೆಬ್ಬೆರಳು ಅಲ್ಲಿ ನಿಂತಿತು.

"ಇದಿರ್ಲಿ," ಅಂದ್ಲು ತನಗೆ ತಾನೇ. "ಡೀನ್ ಹೆಸರಿಗೂ ಬೇಕಲ್ಲ."

ಆಮೇಲೆ ಬಾಣ ಒತ್ಕೊಂಡು, ಇ ಇರೋ ಮನೆ ಹುಡುಕ್ತಾ ಹೊರಟ್ಲು.